ಪದ್ಮಾಳ ಕೈಗುಣ

ಜನಕಪುರಿಯ ಆ ಬ್ಲಾಕಿನಲ್ಲಿ ಯಾರಿಗಾದರೂ ಸೊಂಟ ಹಿಡಿದರೆ, ಕತ್ತು ಉಳುಕಿದರೆ, ಮೊದಲು ತಟ್ಟುತ್ತಿದ್ದುದು ಪದ್ಮಾಳ ಮನೆಯ ಬಾಗಿಲು. ಹಾಗಂತ ಅವಳೇನು ವೈದ್ಯಳಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೆನೋಗ್ರಾಫರ್. ಮದುವೆಯಾಗಿ ತುಮಕೂರಿನಿಂದ ದೇಶದ ರಾಜಧಾನಿಗೆ ಬಂದವಳು, ಮೊದಲು ಟೈಪ್‌ರೈಟರಿನ ಮುಂದೆ, ಆಮೇಲೆ ಕಂಪ್ಯೂಟರಿನ ಮುಂದೆ ಕೂತೂ ಕೂತೂ ಹೆಗಲನ್ನು ಕಲ್ಲು ಮಾಡಿಕೊಂಡಿದ್ದಳು. ತಲೆನೋವಿನ ಮಾತ್ರೆ ನುಂಗದೆ ಬಸ್ಸು ಹತ್ತುತ್ತಿರಲಿಲ್ಲ. ನಿದ್ದೆಯಂತೂ ದೂರದ ಮಾತು.

ವಸಂತ್ ಕುಂಜ್‌ನಲ್ಲಿದ್ದ ಹರ್ಷಿಣಿ ಎಂಬ ಮಂಗಳೂರಿನ ಹುಡುಗಿ ಫಿಸಿಯೋಥೆರಪಿ ಓದಿಕೊಂಡವಳು. ಪ್ರತಿ ಶನಿವಾರ ಮನೆಗೆ ಬಂದು ಪದ್ಮಾಳ ಕತ್ತು, ಬೆನ್ನು ನೀವತೊಡಗಿದಳು. ಮೊದಮೊದಲು ಏನೂ ಗೊತ್ತಾಗಲಿಲ್ಲ. ಒಂದು ದಿನ ಬಸ್ ಸ್ಟಾಪಿನಲ್ಲಿ ಯಾರೋ ಹೆಸರು ಹಿಡಿದು ಕರೆದಾಗ ಪದ್ಮಾ ಇಡೀ ಮೈ ತಿರುಗಿಸದೆ ಬರೀ ಕತ್ತು ತಿರುಗಿಸಿ ನೋಡಿದಳು. ನೋಡಿ, ತಾನೇ ಬೆರಗಾದಳು. ಬರಬರುತ್ತಾ ನಿದ್ದೆ ಹತ್ತಿತು. ಮಾತ್ರೆ ಬಿಟ್ಟಳು. ಮನೆಯಲ್ಲಿ ರೇಗುವುದು ಕಡಿಮೆಯಾಯಿತು ಎಂದು ಗಂಡ ಇಂದುಶೇಖರನೇ ನಗುತ್ತ ಒಪ್ಪಿದ.

ನೀವಿಸಿಕೊಳ್ಳುತ್ತಲೇ ಪದ್ಮಾಳೂ ಕಲಿತಳು. ಮೇಲಿನ ಮನೆಯ ದೇವಕಿಯ ಹೆಗಲು ನೀವಿದಳು. ದೇವಕಿ, "ನಿಮ್ಮ ಕೈಗುಣವೇ ಬೇರೆ" ಎಂದಳು. ಆ ಮಾತು ಪದ್ಮಾಳೊಳಗೆ ಬೇರೂರಿತು. ಜನ ತಮ್ಮ ನೋವು ಹೇಳಿ ಮುಗಿಸುವ ಮೊದಲೇ ಅವಳ ಕೈ ಎಣ್ಣೆ ಬಟ್ಟಲಿಗೆ ಹೋಗತೊಡಗಿತು.

"ಎಲ್ಲ ನೋವಿಗೂ ಇದು ಆಗಲ್ಲ ಆಂಟಿ. ಕೆಲವನ್ನ ಮುಟ್ಟಲೇಬಾರದು," ಎಂದಿದ್ದಳು ಹರ್ಷಿಣಿ.

"ಅಚ್ಛಾ ಅಚ್ಛಾ," ಎಂದಿದ್ದಳು ಪದ್ಮಾ, ಬೇರೇನೋ ಯೋಚಿಸುತ್ತ.

ಎರಡು ಸಾವಿರದ ಏಳರ ಜನವರಿ. ಅಣ್ಣನ ಮಗಳ ಮದುವೆಗೆ ಬೆಂಗಳೂರಿಗೆ ಹೋಗಿದ್ದ ಇಂದುಶೇಖರ ರೈಲಿನಲ್ಲಿ ವಾಪಸಾದ. ಮಂಜಿಗೆ ಸಿಕ್ಕ ರೈಲು ಮಥುರಾದ ಆಚೆ ಗಂಟೆಗಟ್ಟಲೆ ನಿಂತಿತ್ತು. ಬರ್ತಿನಲ್ಲಿ ಮುದುಡಿಕೊಂಡೇ ಇದ್ದನಂತೆ. ಮರುದಿನ ಎಡಗಾಲಿನ ಮೀನಖಂಡ ಊದಿಕೊಂಡಿತು.

"ಕೂತೂ ಕೂತೂ ಹಿಡ್ಕೊಂಡಿದೆ ಅಷ್ಟೆ," ಎಂದು ಪದ್ಮಾ ಎಳ್ಳೆಣ್ಣೆ ಬಿಸಿ ಮಾಡಿದಳು.

ಎಣ್ಣೆ ಸೋಕುವ ಮೊದಲೇ ಕಾಲು ಬಿಸಿಯಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಅವಳ ಬೆರಳಿಗೆ ಅದು ತಿಳಿಯಿತು. ಒಂದು ಗಳಿಗೆ ಕೈ ನಿಂತಿತು ಕೂಡ. ಆದರೂ ಒತ್ತಿದಳು. ಇಂದುಶೇಖರ ಕಾಲು ಹಿಂದಕ್ಕೆಳೆದುಕೊಂಡ.

"ಇರಿ, ಬಿಗಿ ಬಿಡೋವಾಗ ನೋಯತ್ತೆ," ಎಂದಳು.

ಮಗ ಅಭಿಷೇಕ್ ಕಾಲೇಜಿನಿಂದ ಬಂದು ನೋಡಿದ. "ಅಮ್ಮಾ, ಡಾಕ್ಟರ್ ಕೋ ದಿಖಾ ದೋ ನಾ, ತೋರಿಸಿಬಿಡು. ಒಂದೇ ಕಾಲು ಯಾಕೆ ಇಷ್ಟು ದಪ್ಪ?"

"ಚಳಿಗೆ ಕಣೋ. ನೀನು ಊಟ ಮಾಡು."

ಮರುದಿನ ಊತ ಮೊಣಕಾಲು ದಾಟಿತ್ತು. ತನ್ನ ಕೈ ಸೋಲುತ್ತಿದೆ ಎಂಬುದನ್ನು ಒಪ್ಪಲಾರದೆ ಪದ್ಮಾ ಇನ್ನೂ ಜೋರಾಗಿ ತಿಕ್ಕಿದಳು. ಇಂದುಶೇಖರ ಹಲ್ಲು ಕಚ್ಚಿಕೊಂಡು ಕಾಲು ಚಾಚಿಯೇ ಇದ್ದ. ಅವಳ ಕೈಯ ಮೇಲೆ ಅವನಿಗೂ ಅಷ್ಟೇ ನಂಬಿಕೆ.

ಶನಿವಾರ ಬಾಲ್ಕನಿಯ ಎಳೆ ಬಿಸಿಲಿನಲ್ಲಿ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಾಗ ಹರ್ಷಿಣಿ ಬಂದಳು. ಚಪ್ಪಲಿ ಬಿಡುತ್ತಿದ್ದವಳು ಅಲ್ಲೇ ನಿಂತಳು.

"ಆಂಟಿ, ಕೈ ತೆಗೀರಿ."

"ಯಾಕೆ, ಸ್ವಲ್ಪ..."

"ಕೈ ತೆಗೀರಿ ಅಂದೆ!"

ಅಷ್ಟರಲ್ಲಿ ಇಂದುಶೇಖರ ಕೆಮ್ಮಿದ. ಮತ್ತೆ ಕೆಮ್ಮಿದ. "ಎದೇಲಿ ಏನೋ ಚುಚ್ತಾ ಇದೆ," ಎಂದ, ಏನೋ ಸಣ್ಣ ವಿಷಯ ಹೇಳುವವನಂತೆ. ಅವನ ತುಟಿ ನೀಲಿಯಾಗುತ್ತಿತ್ತು. ಪದ್ಮಾಳ ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಹೇಳಿದರು: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದರದೊಂದು ತುಣುಕು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿದೆ. ಪದ್ಮಾ ಐಸಿಯುವಿನ ಹೊರಗೆ ವೈದ್ಯರನ್ನು ತಡೆದು ಕೇಳಿದಳು: "ನಾನು ತಿಕ್ಕಿದ್ದಕ್ಕೇ ಹೀಗಾಯ್ತಾ?"

ತಿಕ್ಕಿದ್ದರಿಂದಲೇ ಆ ತುಣುಕು ಹೋಯಿತೆಂದು ಹೇಳಲಾರೆ, ತಿಕ್ಕದಿದ್ದರೂ ಹೋಗುತ್ತಿತ್ತೆಂದೂ ಹೇಳಲಾರೆ ಎಂದರು ಅವರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಇಂದುಶೇಖರ ಬದುಕಿಕೊಂಡ. ರಕ್ತ ತೆಳುಮಾಡುವ ಮಾತ್ರೆಯೂ, ಬೇಗ ಬರುವ ಏದುಸಿರೂ ಅವನ ಜೊತೆಗೇ ಮನೆಗೆ ಬಂದವು. ಒಂದು ದಿನವೂ ಅವಳನ್ನು ದೂರಲಿಲ್ಲ. ಪದ್ಮಾ ಮಾತ್ರ ಯಾರ ಮೈಯನ್ನೂ ಮುಟ್ಟುವುದನ್ನು ಬಿಟ್ಟಳು. ಬಂದವರಿಗೆ, "ಡಾಕ್ಟರಿಗೆ ತೋರಿಸಿ," ಎಂದು ಬಾಗಿಲಿನಲ್ಲೇ ಹೇಳಿ ಕಳಿಸುತ್ತಿದ್ದಳು. ಹರ್ಷಿಣಿಯನ್ನೂ ಬರಬೇಡವೆಂದಳು. ಹೆಗಲು ಮತ್ತೆ ಬಿಗಿಯಿತು, ನಿದ್ದೆ ಹೋಯಿತು. ಅದು ತನಗೆ ಆಗಬೇಕಾದದ್ದೇ ಎಂದುಕೊಂಡಳು.

ಬೇಸಿಗೆಯಲ್ಲಿ ಇಂದುಶೇಖರನೇ ಹರ್ಷಿಣಿಗೆ ಫೋನ್ ಮಾಡಿ ಕರೆಸಿದ. ಪದ್ಮಾಳ ಕತ್ತಿನ ಮೇಲೆ ಕೈಯಿಟ್ಟು ಹುಡುಗಿ ಹೇಳಿದಳು: "ಮಸಾಜ್ ಕೆಟ್ಟದ್ದಲ್ಲ ಆಂಟಿ. ಬಿಗಿದ ಸ್ನಾಯುವಿಗೆ, ನಿದ್ದೆಗೆ ಇದು ಒಳ್ಳೇದೇ. ಆದರೆ ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ಬಿಸಿಯಾದರೆ ಮೊದಲು ಆಸ್ಪತ್ರೆ."

ವಾರ ವಾರವೂ ನೀವಿಸಿಕೊಂಡು ಹೆಗಲು ಸಡಿಲವಾಯಿತು. ಮಳೆಗಾಲದ ಹೊತ್ತಿಗೆ ನಿದ್ದೆಯೂ ಬಂತು, ಅರ್ಧಂಬರ್ಧ. ಆದರೆ ಸಂಜೆ ಹಾಲು ತರಲು ಹೋದ ಇಂದುಶೇಖರ ಮೆಟ್ಟಿಲು ಹತ್ತುವಾಗ ಅವಳು ಅಡುಗೆಮನೆಯಲ್ಲಿ ಒಲೆಯ ಉರಿ ಸಣ್ಣ ಮಾಡಿ ಕಿವಿಗೊಡುತ್ತಾಳೆ. ಮೊದಲ ಮಹಡಿಯಲ್ಲಿ ಹೆಜ್ಜೆಯ ಸದ್ದು ನಿಲ್ಲುತ್ತದೆ. ಬಾಗಿಲು ತೆರೆದು ನೋಡುವ ಧೈರ್ಯವಾಗದೆ, ಅದು ಮತ್ತೆ ಕೇಳಿಸುವವರೆಗೂ ಅವಳು ಅಲ್ಲೇ ನಿಂತಿರುತ್ತಾಳೆ.