ತೊಂದರೆ ಸಾರ್

ಆಸ್ಪತ್ರೆಯವರು ಹಳೆಯ ಸಾಫ್ಟ್‌ವೇರ್ ಕಿತ್ತುಹಾಕಿ ಹೊಸದನ್ನು ತಂದರು. ಈ ಬದಲಾವಣೆಗೆ ಎಷ್ಟು ಖರ್ಚಾಯಿತು, ಏನೇನು ತೊಂದರೆಯಾಯಿತು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಲು ಹೊರಗಿನವರೊಬ್ಬರನ್ನು ನೇಮಿಸಿದರು. ವಾರ ಕಳೆಯುವುದರೊಳಗೆ ಅವರಿಗೆ 'ತೊಂದರೆ ಸಾರ್' ಎಂಬ ಹೆಸರು ಅಂಟಿಕೊಂಡಿತು. ಅಂಟದೆ ಇನ್ನೇನು? ಬಂದವರೇ ಕುರ್ಚಿ ಎಳೆದುಕೊಂಡು, "ನಿಮ್ದೇನು ತೊಂದ್ರೆ?" ಎನ್ನುವವರಿಗೆ ಮತ್ಯಾವ ಹೆಸರು ಇಡುವುದು!

"ಹಳೇದು ಅಳಿಯ, ಹೊಸದು ಮಗಳ ಗಂಡ. ಅಷ್ಟೇ ವ್ಯತ್ಯಾಸ," ಎಂದು ಬಿಲ್ ಗುಮಾಸ್ತ ನಕ್ಕಿದ್ದ. ಅಂಥವರಿಂದ ತೊಂದರೆಯಿಲ್ಲ, ಬಾಯಿಬಿಟ್ಟು ಹೇಳಿಬಿಡುತ್ತಾರೆ. "ಏನಿಲ್ಲ ಸಾರ್" ಎನ್ನುವವರ ಹತ್ತಿರವೇ ರಾಶಿ ಇರುತ್ತದೆ. ಅದು ಗೊತ್ತಿದ್ದರಿಂದ ಅವರು ಪೆನ್ನಿನ ಮುಚ್ಚಳ ಹಾಕದೆ ಸುಮ್ಮನೆ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಲ್ಲ ಹೊರಬರುತ್ತಿತ್ತು.

ಅವರ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿದ್ದರೂ ಸಂಜೆ ಬಾಗಿಲಿಗೆ ಬಂದೊಡನೆ ಬೆರಳು ತಾನಾಗಿಯೇ ಬೆಲ್ ಒತ್ತುತ್ತಿತ್ತು. ಆಮೇಲೆ ನೆನಪಾಗಿ ಜೇಬಿನಲ್ಲಿ ಕೀಲಿ ಹುಡುಕುವರು. ಇದನ್ನು ಯಾರಿಗಾದರೂ ಹೇಳಬೇಕೆಂದು ಅವರಿಗೆ ತುಂಬಾ ಆಸೆಯಿತ್ತು. ಕೇಳದೆ ಹೇಳುವುದು ಹೇಗೆ? ಈ ಕೆಲಸ ಮುಗಿದರೆ ಆಸ್ಪತ್ರೆಯ ಮಾತುಕತೆಯೂ ಮುಗಿಯುತ್ತಿತ್ತು.

ಕೊನೆಯ ದಿನ ಉಳಿದಿದ್ದವಳು ಔಷಧಿ ಕೌಂಟರಿನಾಕೆ.

"ನನ್ದೇನಿಲ್ಲ ಸಾರ್," ಎಂದಳು.

ಅವರು ಕೂತೇ ಇದ್ದರು. ಅವಳು ಡಬ್ಬಿಗಳನ್ನು ಜೋಡಿಸಿದಳು, ಮತ್ತೆ ಜೋಡಿಸಿದಳು.

"ಅವಧಿ ಮುಗಿದ ಮಾತ್ರೆನ ಹಳೇದು ಕೆಂಪಗೆ ತೋರಿಸ್ತಿತ್ತು. ಇದು ಬಾಯೇ ಬಿಡಲ್ಲ. ಯಾರಿಗಾದ್ರೂ ಕೊಟ್ಬಿಟ್ರೆ ಅಂತ ಭಯ. ದಿನಾ ಬೇಗ ಬಂದು ಒಂದೊಂದನ್ನೇ ತೆಗೆದು ನೋಡ್ತೀನಿ. ನಿದ್ದೇಲೂ ಮಾತ್ರೆ ಹೆಸರು ಕನವರಿಸ್ತೀಯ ಅಂತಾಳೆ ಮಗಳು."

ಅವರು ಎಲ್ಲವನ್ನೂ ಬರೆದುಕೊಂಡರು. ಅವಳ ಮುಖ ಹಗುರಾಯಿತು.

"ಊರೋರ್ದೆಲ್ಲ ಕೇಳಿದ್ರಿ. ನಿಮ್ದೇನು ಸಾರ್ ತೊಂದ್ರೆ?"

ಇಷ್ಟು ದಿನ ಕಾದಿದ್ದ ಮಾತು ಬಂದೇ ಬಂತು. ಬೆಲ್ಲಿನ ವಿಷಯ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಏನಿಲ್ಲಮ್ಮ," ಎಂದರು.

ಅಂದವರು ಏಳಲಿಲ್ಲ. ಪೆನ್ನಿನ ಮುಚ್ಚಳವನ್ನೂ ಹಾಕಲಿಲ್ಲ. ಇನ್ನೊಂದು ಗಳಿಗೆ ಅವಳು ಸುಮ್ಮನಿದ್ದಿದ್ದರೆ ಹೇಳಿಬಿಡುತ್ತಿದ್ದರು. ಅಷ್ಟರಲ್ಲಿ ಚೀಟಿ ಹಿಡಿದ ಕೈಯೊಂದು ಕಿಟಕಿಯೊಳಗೆ ಬಂತು.

"ಏನಿಲ್ಲ ಅಂದ್ರೆ ಪುಣ್ಯವಂತರು ಬಿಡಿ ಸಾರ್," ಎನ್ನುತ್ತ ಅವಳು ಎದ್ದಳು.

ಅಂದು ಸಂಜೆಯೂ ಅವರು ಬೆಲ್ ಒತ್ತಿದರು. ಕೀಲಿ ಕೈಯಲ್ಲೇ ಇತ್ತು. ಆದರೂ ಬಹಳ ಹೊತ್ತು ಬಾಗಿಲ ಮುಂದೆ ಕಾಯುತ್ತ ನಿಂತರು.