ಒಂದನೇ ಇಯತ್ತೆಯಲ್ಲಿ ಮೂರು ದಿನ

ಇಪ್ಪತ್ತಮೂರನೇ ವಯಸ್ಸಿನಲ್ಲಿ, ಸೀರೆ ಉಟ್ಟು, ಕೈಯಲ್ಲಿ ಪಾಟಿ ಹಿಡಿದು, ನಾನು ಬೆಳಗಾವಿಯ ಒಂದು ಮರಾಠಿ ಶಾಲೆಯ ಒಂದನೇ ಇಯತ್ತೆಯಲ್ಲಿ ನೆಲದ ಮೇಲೆ ಕೂತಿದ್ದೆ. ಇಯತ್ತೆ ಎಂದರೆ ಇಲ್ಲಿ ತರಗತಿ, ಪಾಟಿ ಎಂದರೆ ನಮ್ಮ ಸ್ಲೇಟು. ಮೇಷ್ಟ್ರು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಏನೋ ಕೇಳಿದರು. ಹೂಂ ಎಂದು ತಲೆಯಾಡಿಸಿಬಿಟ್ಟೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಬೋರ್ಡಿನ ಮೇಲೆ ಎಷ್ಟು ಮಾವಿನಕಾಯಿ ಇವೆ ಎಂದು ಅವರು ಕೇಳಿದ್ದರಂತೆ. ನಾಲ್ಕು ಎಂದು ನನಗೆ ಗೊತ್ತಿತ್ತು, ಪ್ರಶ್ನೆಯೇ ತಿಳಿದಿರಲಿಲ್ಲ.

ಯಾಕೆ ಈ ಪಾಡು ಎಂದರೆ, ನಂಜನಗೂಡಿನವಳಾದ ನನಗೆ ಎಂಬತ್ತರ ದಶಕದ ಶುರುವಿನಲ್ಲಿ ಟೀಚರ್ ಕೆಲಸ ಸಿಕ್ಕಿದ್ದು ಖಾನಾಪುರ ತಾಲ್ಲೂಕಿನಲ್ಲಿ. ಖಾನಾಪುರದಲ್ಲಿ ಬಾಡಿಗೆ ಕೋಣೆ. ಅಲ್ಲಿಂದ ರೈಲು ಹತ್ತಿ ಗುಂಜಿಯಲ್ಲಿ ಇಳಿದು, ಕಾಡಂಚಿನಲ್ಲಿ ನಡೆದರೆ ಹೊಸದಾಗಿ ತೆರೆದ ಕನ್ನಡ ಶಾಲೆ. ನಮ್ಮೂರಲ್ಲಿ ಹೊಳೆದಂಡೆಯಲ್ಲಿ ಒಬ್ಬಳೇ ತಿರುಗಿದವಳು ಇಲ್ಲಿ ಒಣಗಿದೆಲೆ ಸರಕ್ಕೆಂದರೂ ನಿಲ್ಲುತ್ತಿದ್ದೆ.

"ಕರಡಿ ಬಂದ್ರೆ ಏನ್ ಮಾಡ್ಲಿ?" ಎಂದು ಮನೆಯೊಡತಿ ನೀಲವ್ವನನ್ನು ಕೇಳಿದೆ.

"ನಿಮ್ಮ ಮೈಸೂರ ಮಾತು ಅದಕ್ಕ ತಿಳಿಯಂಗಿಲ್ರಿ ಅಕ್ಕಾರ. ಸುಮ್ನ ಹಿಂದ ಸರೀರಿ. ಈಗ ಬರ್ರಿ, ರೊಟ್ಟಿ ತಿನ್ರಿ."

ಮುದ್ದೆಗೆ ಒಗ್ಗಿದ ಗಂಟಲಲ್ಲಿ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕರಡಿಗಿಂತ ಮನುಷ್ಯರ ಭಯವೇ ನನಗೆ ಹೆಚ್ಚು. ಆಗ ಕನ್ನಡ-ಮರಾಠಿ ಜಗಳ ಜೋರಿತ್ತು. ಬೋರ್ಡುಗಳಿಗೆ ಟಾರು ಬಳಿಯುತ್ತಿದ್ದರು. ಕನ್ನಡ ಕಲಿಸಲು ಬಂದವಳು ಇವಳೇ ಎಂದು ಯಾರಾದರೂ ಕಲ್ಲು ಬೀರಿದರೆ? ವರ್ಗಾವಣೆಯ ಅರ್ಜಿ ಬರೆದು ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೆ.

ನನ್ನ ತರಗತಿಯಲ್ಲಿ ಸಖು ಎಂಬ ಹುಡುಗಿ ಇದ್ದಳು. ಎಮ್ಮೆ ಕಾಯುವವರ ಮಗಳು, ಮನೆಮಾತು ಮರಾಠಿ. ತಿಳಿಯಿತಾ ಎಂದರೆ ತಪ್ಪದೆ ತಲೆಯಾಡಿಸುತ್ತಿದ್ದಳು. ಒಂದು ದಿನ ಪಾಟಿ ನೋಡಿದರೆ ಬರೀ ಗೀಚು. ಸುಳ್ಳಿ ಎಂದು ಎಲ್ಲರೆದುರು ನಿಲ್ಲಿಸಿದೆ. ಮರುದಿನದಿಂದ ಅವಳು ಬರಲಿಲ್ಲ. ಕೆಲವು ದಿನದ ಮೇಲೆ ಅವಳ ಅಪ್ಪ ದಾರಿಯಲ್ಲಿ ಸಿಕ್ಕಿದ. ಟೀಚರಿಗೆ ಅವರ ಕಡೆ ಬಾಯಿ ಎನ್ನುತ್ತಾರೆ.

"ನೋಕರಿ ಸಿಗಬೇಕಂದ್ರ ಕನ್ನಡ ಬೇಕಂತ ಸಾಲಿಗೆ ಹಚ್ಚಿದ್ನಿರಿ ಬಾಯಿ. ಈಗ ಸಾಲಿ ಅಂದ್ರ ಅಳತಾಳ. ಈ ತಿಂಗಳ ಮುಗೀತಂದ್ರ ಎಮ್ಮಿ ಹಿಂದ ಕಳಸ್ತೇನಿ."

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. ಒಂದು ಮಗುವಿನ ಓದು ನನ್ನ ಕೈಯಿಂದಲೇ ಮುಗಿಯುತ್ತಿತ್ತು.

ಅಷ್ಟರಲ್ಲೇ ಹೊಸ ಶಿಕ್ಷಕರಿಗೆ ಬೆಳಗಾವಿಯಲ್ಲಿ ತರಬೇತಿ ಎಂದು ಕರೆ ಬಂತು. ಕಲಿಸುವವರು ಶಾಂತಾಬಾಯಿ, ಶಿವಬಸವ ನಗರದವರು, ತಲೆಯೆಲ್ಲ ಬೆಳ್ಳಗಾದವರು. ಮೊದಲ ದಿನವೇ ಕನ್ನಡದವರನ್ನು ಮರಾಠಿ ತರಗತಿಗೆ, ಮರಾಠಿಯವರನ್ನು ಕನ್ನಡ ತರಗತಿಗೆ ಅಟ್ಟಿದರು.

"ಪಾಠಾ ಹೇಳೂದು ಆಮ್ಯಾಲ. ಮೊದ್ಲ ಏನೂ ತಿಳೀಲಾರದ ಕುಂದ್ರೂದು ಕಲೀರಿ, ಮೂರು ದಿನಾ."

ಮೂರು ದಿನವೂ ನಾನು ತಲೆಯಾಡಿಸಿದೆ. ಕೊನೆಯ ಸಂಜೆ ಅವರು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಖರೇ ಹೇಳ್ರಿ, ತಿಳೀಲಿಲ್ಲಂದ್ರೂ ತಲಿ ಯಾಕ ಆಡಿಸಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಹೆದರಿಕೆಗೆ," ಎಂದೆ. ಅಂದ ಕೂಡಲೇ ಸಖು ಕಣ್ಣ ಮುಂದೆ ಬಂದಳು. ಅಲ್ಲೇ ಅತ್ತುಬಿಟ್ಟೆ.

ತಿಂಗಳು ಮುಗಿಯಲು ಎರಡು ದಿನವಿತ್ತು. ಅಂಗೈಯಲ್ಲಿ ಜೀವ ಹಿಡಿದು ಸಖುವಿನ ಗುಡಿಸಲಿಗೆ ಹೋದೆ. ನಾಯಿ ಬೊಗಳಿತು, ಅವಳು ಎಮ್ಮೆಯ ಮರೆಗೆ ಸರಿದಳು. ನಾನು ಪಾಟಿ, ಬಳಪ ಅವಳ ಮುಂದಿಟ್ಟು ನೆಲದ ಮೇಲೆ ಕೂತೆ. "ನೀನು ಕಲಿಸು," ಎಂದೆ. ಅಪ್ಪ ಅದನ್ನು ಮರಾಠಿಯಲ್ಲಿ ಹೇಳಿದ. ಅವಳು ಮರೆಯಿಂದ ಬಂದು ಎಮ್ಮೆಯ ಚಿತ್ರ ಬರೆದು, ಬೆರಳಿಟ್ಟು ತೋರಿಸುತ್ತ ಅದರ ಕೊಂಬು, ಬಾಲ, ಗೊರಸು ಎಲ್ಲಕ್ಕೂ ಹೆಸರು ಹೇಳಿದಳು. ಆಮೇಲೆ ಥೇಟ್ ನನ್ನ ಹಾಗೇ ಹುಬ್ಬು ಗಂಟಿಕ್ಕಿ ಕೇಳಿದಳು: "ಸಮಜಲಾ?"

ತಿಳಿಯಿತಾ ಎಂದು. ನನ್ನ ತಲೆ ಆಡಲು ಹೊರಟಿತ್ತು, ತಡೆದೆ. "ನಾಹಿ," ಎಂದೆ. ಅವಳು ಕಣ್ಣರಳಿಸಿ ನೋಡಿದಳು. ಮತ್ತೆ ಕೊಂಬಿನಿಂದ ಶುರು ಮಾಡಿದಳು.

ಸೋಮವಾರ ಸಖು ಹಿಂದಿನ ಸಾಲಿನಲ್ಲಿ ಬಂದು ಕೂತಳು. ಪಾಠ ಮುಗಿಸಿ, ತಿಳೀತಾ ಎಂದೆ. ಎಲ್ಲರೂ ತಲೆಯಾಡಿಸಿದರು.

"ಇಲ್ಲ," ಎಂದಳು ಸಖು. ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಮಾತು ಅದು.

ವರ್ಗಾವಣೆಯ ಅರ್ಜಿ ಆಗಲೂ ಚೀಲದಲ್ಲೇ ಇತ್ತು. ಕಳಿಸಿರಲಿಲ್ಲ, ಹರಿದೂ ಇರಲಿಲ್ಲ. ಆ ವಾರವೇ ಊರಿಂದ ನನ್ನ ಅಪ್ಪನ ಕಾಗದ ಬಂತು: "ಅಲ್ಲಿ ಹೊಂದಿಕೊಂಡೆಯಾ ಮಗಳೇ?" ಓದುತ್ತ ಓದುತ್ತ ಹೂಂ ಎಂದು ತಲೆಯಾಡಿಸುತ್ತಿದ್ದೆ. ತಿಳಿದು ಆಡಿಸಿದೆನೋ, ಹೆದರಿ ಆಡಿಸಿದೆನೋ, ನನಗೇ ಗೊತ್ತಾಗಲಿಲ್ಲ.