ಅರ್ಜಿ ಅತ್ತೆಯ ಮನೆಯಲ್ಲಿ ಹನ್ನೆರಡು ಮಂದಿ

ಹೊರದೇಶದಿಂದ ಯಾರೇ ಬಂದು ಆ ಬೀದಿಯಲ್ಲಿ ಪೆಟ್ಟಿಗೆ ಇಳಿಸಲಿ, ಮರುದಿನ ಬೆಳಗ್ಗೆ ಅವರ ಬಾಗಿಲಲ್ಲಿ ಅರ್ಜಿ ಅತ್ತೆ ಹಾಜರು. ಯಾರೂ ಕರೆದಿರುವುದಿಲ್ಲ. ಕರೆಯದೆ ಬಂದವರನ್ನು ಹೋಗಿ ಎನ್ನುವ ಧೈರ್ಯವೂ ಹೊಸಬರಿಗಿರುವುದಿಲ್ಲ. ಗ್ಯಾಸ್ ಬಂತೇ, ಕರೆಂಟು ಯಾರ ಹೆಸರಿಗೆ, ಮಕ್ಕಳಿಗೆ ಯಾವ ಶಾಲೆ ಎಂದು ಜಪ್ತಿಗೆ ಬಂದವಳಂತೆ ವಿಚಾರಿಸಿ, ಅವರ ಕಾಗದಗಳನ್ನೆಲ್ಲ ತನ್ನ ಚೀಲಕ್ಕೆ ತುಂಬಿಕೊಂಡು ಹೊರಡುವಳು.

ಇಪ್ಪತ್ತಾರು ವರ್ಷದ ಹಿಂದೆ ಗಂಡನ ಜೊತೆ ಇಲ್ಲಿ ಬಂದಿಳಿದಾಗ, ಒಂದು ನಲ್ಲಿಗಾಗಿ ಅವಳೇ ನಾಲ್ಕು ತಿಂಗಳು ಅಲೆದಿದ್ದಳು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಲಾಂಡ್ರಿಯಲ್ಲಿ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಉಳಿದ ಹೊತ್ತೆಲ್ಲ ಕಚೇರಿಗಳ ಪಾಲು. ಬಸ್ ಓಡಿಸುವ ಗಂಡ, ನಿನಗೇನು ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ಕೇಳಿ ಕೇಳಿ ಸೋತು, ಕೊನೆಗೆ ಚಹಾ ಮಾಡಿಕೊಳ್ಳುವುದನ್ನು ಕಲಿತಿದ್ದ.

ಕಚೇರಿಗಳ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು. ಮನೆ ಮಾಲೀಕನಿಗೆ ಬ್ಯಾಂಕ್ ಪುಸ್ತಕ ಬೇಕು, ಬ್ಯಾಂಕಿಗೆ ಕರೆಂಟ್ ಬಿಲ್ ಬೇಕು, ಕರೆಂಟಿನವರಿಗೆ ಬಾಡಿಗೆ ಕರಾರು ಬೇಕು. ಇದಕ್ಕೆ ಅತ್ತೆ ಕಂಡುಕೊಂಡಿದ್ದ ಮದ್ದು ಒಂದೇ: ಹೊಸಬರ ಮೊದಲ ಅರ್ಜಿಗೆ ತನ್ನದೇ ವಿಳಾಸ. ಆಮೇಲೆ ಅವರು ಬೇರೆ ಮನೆ ಹಿಡಿದರು, ಕೆಲವರು ಕೊಂಡೂ ಕೊಂಡರು. ಆರೋಗ್ಯ ಕೇಂದ್ರದ ಪಟ್ಟಿಯಲ್ಲಿ ಮಾತ್ರ ಎಲ್ಲರೂ ಅತ್ತೆಯ ಎರಡು ಕೋಣೆಯಲ್ಲೇ ಸುಖವಾಗಿದ್ದರು. ಇರಲಿ ಬಿಡಿ, ಹೆಸರೇನು ಅನ್ನ ಕೇಳುತ್ತದೆಯೇ ಎನ್ನುತ್ತಿದ್ದಳು.

ಹೀಗಿರುವಾಗ ಬೇಕರಿ ಕೆಲಸದವನೊಬ್ಬ ಹೆಂಡತಿ, ಮಗಳ ಸಮೇತ ಬಂದ. ಐದು ವರ್ಷದ ಮಗುವಿಗೆ ಉಬ್ಬಸ. ತಂದಿದ್ದ ಔಷಧಿ ಒಂಬತ್ತು ದಿನಕ್ಕಾಗುವಷ್ಟಿತ್ತು. ಹೆಸರು ನೋಂದಾಯಿಸದೆ ಡಾಕ್ಟರು ಮುಟ್ಟುವುದಿಲ್ಲ. ಅತ್ತೆ ಎಂದಿನಂತೆ ಮಗುವಿನ ಹೆಸರಿಗೆ ತನ್ನ ವಿಳಾಸ ಬರೆದು ಆರೋಗ್ಯ ಕೇಂದ್ರಕ್ಕೆ ಕೊಟ್ಟಳು. ಕಿಟಕಿಯಾಚೆಯ ಗುಮಾಸ್ತೆ ಅರ್ಜಿ ಹಿಂದಕ್ಕೆ ತಳ್ಳಿದಳು. ಒಂದು ಮನೆಗೆ ಹನ್ನೆರಡೇ ಹೆಸರು, ನಿಮ್ಮದು ಭರ್ತಿಯಾಗಿದೆ ಎಂದಳು. ಯಾರಾದರೊಬ್ಬರು ಬಂದು ತಮ್ಮ ಹೆಸರನ್ನು ಈಗಿರುವ ಮನೆಗೆ ವರ್ಗ ಮಾಡಿಸಿಕೊಂಡರೆ ಸಾಕಂತೆ, ಅರ್ಧ ಗಂಟೆಯ ಕೆಲಸ.

ತಾನು, ಗಂಡ ಬಿಟ್ಟು ಪಟ್ಟಿಯಲ್ಲಿದ್ದ ಹತ್ತು ಮಂದಿಯ ಮನೆಗಳನ್ನೂ ಅತ್ತೆ ತಿರುಗಿದಳು. ಎರಡಂತಸ್ತು ಕಟ್ಟಿಸಿದ್ದ ಟೈಲರು ಕುರ್ಚಿ ಕೊಟ್ಟು ಉಪಚರಿಸಿ, ನಿಮ್ಮ ವಿಳಾಸ ನಮ್ಮ ಪಾಲಿಗೆ ದೇವರಿದ್ದ ಹಾಗೆ, ಅದನ್ನು ಬಿಡಲು ಮನಸ್ಸೇ ಬರುವುದಿಲ್ಲ ಎಂದ. ಎಂಥಾ ಭಕ್ತಿ! ನರ್ಸಮ್ಮನಿಗೆ ಹಳೆಯ ಫೈಲು ಕೆದಕಿದರೆ ಏನು ಗತಿಯೋ ಎಂಬ ಭಯ. ಉಳಿದವರಿಗೆ ಮುಂದಿನ ವಾರದವರೆಗೂ ಪುರಸೊತ್ತಿರಲಿಲ್ಲ. ಬಂದು ನಾಲ್ಕೇ ವರ್ಷವಾಗಿದ್ದ ಪ್ಲಂಬರನಂತೂ ಬಾಗಿಲಲ್ಲೇ ನಿಂತು ಉಪದೇಶ ಮಾಡಿದ.

"ಈ ಹೊಸಬರು ಜಾಸ್ತಿ ಆಗ್ಬಿಟ್ರು ಅತ್ತೆ. ನೀವ್ಯಾಕೆ ಇಂಥವರನ್ನೆಲ್ಲ ತಲೆಗೆ ಹಚ್ಕೊಳ್ತೀರಿ?"

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಚೀಲ ಹೆಗಲಿಗೇರಿಸಿ ಹೊರಟಳು.

ಒಂಬತ್ತನೆಯ ದಿನ ಮಗುವಿನ ಎದೆ ಗೊರಗೊರ ಎನ್ನುತ್ತಿತ್ತು. ಅತ್ತೆ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಮತ್ತೆ ಕಿಟಕಿಗೆ ಹೋದಳು. ತನ್ನ ಗಂಡನ ಹೆಸರು ತೆಗೆಸುವಂತಿರಲಿಲ್ಲ, ಅವನ ಹೃದಯದ ಮಾತ್ರೆ ಇಲ್ಲಿಂದಲೇ ಬರಬೇಕು. ತನ್ನ ಸಕ್ಕರೆ ಕಾಯಿಲೆಯ ಮಾತ್ರೆಯೂ ಇಲ್ಲಿಂದಲೇ. ಭಯವಾಗದೆ ಇರಲಿಲ್ಲ. ಆದರೂ ಹೇಳಿದಳು.

"ನನ್ನ ಹೆಸರು ತೆಗೆದು ಈ ಮಗೂದು ಹಾಕಮ್ಮ."

ಗುಮಾಸ್ತೆ ಒಂದು ಗುಂಡಿ ಒತ್ತಿದಳು, ಅಷ್ಟೇ. ಮಗುವನ್ನು ಕೂಡಲೇ ಒಳಗೆ ಕರೆದರು. ತಾಯಿ ಅತ್ತೆಯ ಎರಡೂ ಕೈ ಕಣ್ಣಿಗೊತ್ತಿಕೊಂಡು ಮಗುವಿನ ಹಿಂದೆ ಓಡಿದಳು.

ಅತ್ತೆ ಒಂದು ಹೊಸ ಅರ್ಜಿ ತೆಗೆದುಕೊಂಡು ತನ್ನ ಹೆಸರು, ವಿಳಾಸ ತುಂಬಿಸಿ ಕಿಟಕಿಯೊಳಗೆ ಕೊಟ್ಟಳು. ಗುಮಾಸ್ತೆ ಓದಿ, ತಪ್ಪು ತಿಳಿಯಬೇಡಿ ಎಂಬಂತೆ ದನಿ ತಗ್ಗಿಸಿದಳು.

"ಈ ಮನೇಲಿ ನಿಮಗೆ ಜಾಗ ಇಲ್ಲಮ್ಮ. ಯಾರಾದ್ರೂ ಪರಿಚಯದವರಿದ್ರೆ ಅವರ ವಿಳಾಸ ಕೇಳ್ಕೊಂಡು ಬನ್ನಿ."